ಒಂದು ಕಟ್ಟು ಬೆಂಕಿಪೊಟ್ಟಣ

ಅಗ್ಗ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ನಂಬಿಕೆ ಬರುವುದಿಲ್ಲ. ಹಾಗೆ ನೋಡಿದರೆ ಮೊದಲು ನಾನೂ ಅಗ್ಗಕ್ಕೆ ಮಾರುಹೋಗುವವಳೇ. ನಮ್ಮತ್ತೆ ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ತವರಿನಲ್ಲಿ ಹೇಳಿಕೊಂಡು ನಗುತ್ತಿದ್ದೆ.

ಅರವತ್ತರ ದಶಕದಲ್ಲಿ ನಾನು ಅನುಗೊಂಡನಹಳ್ಳಿ ಹತ್ತಿರದ ಊರಿಗೆ ಸೊಸೆಯಾಗಿ ಹೋದಾಗ ಆ ಮನೆಗೆಲ್ಲ ಇದ್ದದ್ದು ಒಂದೇ ಬೆಂಕಿಪೊಟ್ಟಣ. ಅದೂ ದೇವರ ಗೂಡಿನಲ್ಲಿ, ದೀಪ ಹಚ್ಚುವುದಕ್ಕೆ ಮಾತ್ರ. ಒಲೆ ಹೊತ್ತಿಸಬೇಕಾದರೆ ಬೆರಣಿಯ ಚೂರು ಹಿಡಿದು, ಒಲೆ ಉರಿಯುತ್ತಿರುವ ಮನೆಗೆ ಹೋಗಿ ಕೆಂಡ ತರಬೇಕು.

ನಮ್ಮ ಹಿತ್ತಲಿಗೆ ಅಂಟಿಕೊಂಡಿದ್ದದ್ದು ನನ್ನ ಅಕ್ಕನನ್ನು ಕೊಟ್ಟ ಮನೆ. ಒಂದೇ ಊರಿಗೆ ಕೊಟ್ಟರೆ ಒಬ್ಬರಿಗೊಬ್ಬರು ಆಗುತ್ತಾರೆ ಎನ್ನುವುದು ನಮ್ಮಪ್ಪನ ಲೆಕ್ಕಾಚಾರ. ನಾನು ಸೊಸೆಯಾಗಿ ಹೋದ ವರ್ಷವೇ ಕೆರೆ ಕಾಲುವೆಯ ನೀರಿನ ಸರದಿಗೆ ನಮ್ಮ ಮಾವನಿಗೂ ಅಕ್ಕನ ಮಾವನಿಗೂ ಜಗಳವಾಯಿತು. ಮಾತುಕತೆ, ಹೋಗಿಬರುವುದು ಎಲ್ಲ ನಿಂತಿತು. ಹಬ್ಬಕ್ಕೂ ಕರೆಯುವಂತಿಲ್ಲ. ಆದರೆ ಬೆಂಕಿ ಕೇಳಿ ಬಂದವರನ್ನು ಬರಿಗೈಲಿ ಕಳಿಸಬಾರದು, ಹಗೆಯವರಾದರೂ ಸರಿ ಎಂಬುದು ನಮ್ಮ ಕಡೆಯ ರೂಢಿ. ಅದಕ್ಕೆ ಮಾವನೂ ಎದುರಾಡುತ್ತಿರಲಿಲ್ಲ. ಬೇರೆ ಮನೆಗೆ ಹೋಗು ಎಂದು ಅವರೇನಾದರೂ ಗೊಣಗಿದರೆ ಅತ್ತೆ, "ಹತ್ರದ್ದು ಬಿಟ್ಟು ದೂರ ಯಾಕೆ? ಅಷ್ಟೊತ್ತಿಗೆ ಕೆಂಡ ಆರೋಗುತ್ತೆ," ಎನ್ನುತ್ತಿದ್ದರು.

ಹೀಗಾಗಿ ಬೆಳಗಾದರೆ ನಾನು ಅಕ್ಕನ ಒಲೆಯ ಮುಂದೆ. ಬೆರಣಿಗೆ ಕೆಂಡ ತಗುಲಿ ಹೊಗೆಯಾಡುವವರೆಗಿನ ಹೊತ್ತು ನಮ್ಮಿಬ್ಬರದು. ನಾನು ತಂದ ಒಣ ಬೆರಣಿಯನ್ನು ಅಕ್ಕ ಅತ್ತ ಎಸೆದು, ತನ್ನ ಮನೆಯ ಹಸಿ ಬೆರಣಿ ಹುಡುಕಿ ತರುತ್ತಿದ್ದಳು. "ಇದು ಬೇಗ ಹತ್ಕೊಳಲ್ಲ, ಕೂತ್ಕೊಳೇ," ಎಂದು ನಗುತ್ತಿದ್ದಳು. ಅಷ್ಟರಲ್ಲಿ ತವರಿನ ಸುದ್ದಿ, ಅವಳ ಅತ್ತೆಯ ಗೊಣಗಾಟ, ನನ್ನ ಬಸುರಿನ ಸಂಕಟ ಎಲ್ಲ ಆಗಿಹೋಗುತ್ತಿತ್ತು.

ಇಷ್ಟು ಸುಖವಿದ್ದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! ಒಂದು ಬೆಳಗ್ಗೆ ಕೆಂಡ ತರುವಾಗ ಗಾಳಿಗೆ ಕಿಡಿ ಹಾರಿ ಸೆರಗು ಸುಟ್ಟಿತು. ಹೊಸ ಸೀರೆ. ಆ ಸಿಟ್ಟಿನಲ್ಲಿ ನಮ್ಮ ಯಜಮಾನರಿಗೆ, "ನಿಮ್ಮಮ್ಮ ಒಂದು ಬೆಂಕಿಪೊಟ್ಣ ತರ್ಸೋಕೂ ಹಿಂದೆಮುಂದೆ ನೋಡ್ತಾರೆ," ಎಂದುಬಿಟ್ಟೆ. ಅವರು ಒಳ್ಳೆಯವರು. ಮುಂದಿನ ವಾರ ಹೊಸಕೋಟೆ ಸಂತೆಯಿಂದ ಒಂದು ಕಟ್ಟು ಬೆಂಕಿಪೊಟ್ಟಣವನ್ನೇ ತಂದರು. ಅಗ್ಗದ ಸಾಮಾನು, ಎಷ್ಟು ಕೊಟ್ಟಿರೆಂದು ನಾನು ಕೇಳಲೂ ಇಲ್ಲ.

ಅತ್ತೆ ಮಾತ್ರ ಅದನ್ನು ನೋಡಿ, "ಯಾಕಪ್ಪಾ ತಂದೆ ಇದ್ನ? ಯಾರು ಕೇಳಿದ್ರು?" ಎಂದರು. ನಾನು ಒಳಗೊಳಗೇ ಹಿಗ್ಗಿದೆ.

ಮಾರನೆಯ ದಿನ ಕಡ್ಡಿ ಗೀರಿ ಒಲೆ ಹಚ್ಚಿದೆ. ಆಮೇಲೊಂದು ದಿನ ಅಕ್ಕನನ್ನು ನೋಡಬೇಕೆನಿಸಿ ಬೆರಣಿ ಹಿಡಿದು ಹೊರಟರೆ, ಹಿತ್ತಲಲ್ಲಿ ಹಸು ಕಟ್ಟುತ್ತಿದ್ದ ಮಾವ ತಡೆದರು. "ಮನೇಲಿ ಬೆಂಕಿಪೊಟ್ಣ ರಾಶಿ ಬಿದ್ದೈತೆ. ಅವ್ರ ಬಾಗಿಲಿಗೆ ಯಾಕಮ್ಮ ಹೋಗ್ಬೇಕು?" ಬೆರಣಿಯನ್ನು ಗೋಡೆಯ ಪಕ್ಕಕ್ಕಿಟ್ಟು ಒಳಗೆ ಬಂದೆ.

ಬೇಲಿಯಾಚೆ ಅಕ್ಕ ಕೆಮ್ಮುವುದು ಕೇಳುತ್ತಿತ್ತು. ಒಲೆಯ ಹೊಗೆಗಿರಬೇಕು ಎಂದುಕೊಂಡೆ. ದಿನಾ ಅವಳ ಮುಖ ನೋಡುತ್ತಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲ. ರಾಗಿ ಕೊಯ್ಲಿನ ಹೊತ್ತಿಗೆ ಅವಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆಂದು ತಿಳಿದು ಬೀದಿಗೆ ಓಡಿದೆ. ಕೆನ್ನೆಯೆಲ್ಲ ಇಳಿದುಹೋಗಿತ್ತು.

"ಕೆಂಡಕ್ಕೆ ಬರ್ಲೇ ಇಲ್ವಲ್ಲೇ," ಎಂದಳು.

"ಬೆಂಕಿಪೊಟ್ಣ ತಂದ್ರು ಕಣಕ್ಕಾ," ಎಂದೆ. ಅವಳು ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ನಾನು ಅವಳಿಗೆ ಹೇಳಿದ ಕೊನೆಯ ಮಾತು ಅದೇ ಆಯಿತು.

ಅಕ್ಕನ ತಿಥಿ ಮುಗಿದ ಮಾರನೆಯ ಬೆಳಗ್ಗೆ ಒಲೆಯ ಮುಂದೆ ಕೂತು ಕಡ್ಡಿ ಗೀರಿದೆ, ಹತ್ತಲಿಲ್ಲ. ಮತ್ತೊಂದು ಗೀರುವಾಗ ಅಳು ತಡೆಯಲಾಗಲಿಲ್ಲ. ಅತ್ತೆ ಬಂದು ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಪಕ್ಕದಲ್ಲಿ ಕೂತರು.

"ನೀನು ಅಲ್ಲಿ ಅಷ್ಟೊತ್ತು ಕೂರೋದು ನಂಗೆ ಗೊತ್ತಿರ್ಲಿಲ್ವೇನೇ? ಅಕ್ಕನ್ನ ನೋಡೋಕೆ ನಿಂಗೊಂದು ನೆವ ಇರ್ಲಿ ಅಂತ್ಲೇ ನಾನು ಇದನ್ನ ತರಿಸ್ತಿರ್ಲಿಲ್ಲ," ಎಂದರು.

ಗೂಡಿನಲ್ಲಿ ಇನ್ನೂ ಅರ್ಧ ಕಟ್ಟು ಹಾಗೇ ಉಳಿದಿತ್ತು.