ಗೋ-ಅಂಡ್-ಕಮ್ ವಸಂತಾ

ವಸಂತಾ ಆಂಟಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಒಂದೇ ಸಲ. ೧೯೯೧ರ ಮಾರ್ಚ್ ತಿಂಗಳು, ಮೆಲ್ಬರ್ನಿನ ಫುಟ್‌ಸ್ಕ್ರೇಯಲ್ಲಿ ಬಾಡಿಗೆಗೆ ಹಿಡಿದಿದ್ದ ಒಂದು ಸಭಾಂಗಣ. ಕಾರಣ ಒಂದು ಹಳೆಯ ಫೋಟೋ, ಅದರ ಕೆಳಗೆ ಟೈಪ್ ಮಾಡಿದ್ದ ಹೆಸರುಗಳ ಸಾಲು. ಆ ಸಾಲಿನ ಕೊನೆಯಲ್ಲಿ ‘ಗುರುತು ಸಿಗದ ಭಾರತೀಯ ಮಹಿಳೆ’ ಎಂದಿತ್ತು. ಆ ಮಹಿಳೆ ನನ್ನ ಪಕ್ಕದಲ್ಲೇ ನಿಂತಿದ್ದರು.

ಕಥೆ ಶುರುವಾಗುವುದು ಸ್ಕಾಟ್ಲೆಂಡಿನಲ್ಲಿ. ಪೋರ್ಟ್ ಲಾರಿಕ್ ಎಂಬ ಪುಟ್ಟ ಬಂದರಿನಲ್ಲಿ ೧೯೬೩ರಲ್ಲಿ ಮೈಸೂರಿನ ಡಾಕ್ಟರ್ ಶ್ರೀಪತಿ ಕೆಲಸಕ್ಕೆ ಸೇರಿದರು. ಜೊತೆಗೆ ಬಂದ ಹೆಂಡತಿ ವಸಂತಾಗೆ ಆಗ ಇಪ್ಪತ್ತೆಂಟು. ಮೊದಲ ಆರು ತಿಂಗಳು ಮೀನಿನ ವಾಸನೆಗೆ ಹೆದರಿ ಕಿಟಕಿಯನ್ನೇ ತೆಗೆಯಲಿಲ್ಲವಂತೆ. ಆದರೆ ಊರಿಗೆ ಬಂದವಳು ನೀರಿಗೆ ಬರಲೇಬೇಕಲ್ಲ! ಗಂಡನ ಕ್ಲಿನಿಕ್ಕಿನ ಗುಮಾಸ್ತೆ ಮದುವೆಯಾಗಿ ಹೋದಳು. ರೋಗಿಗಳ ಕಾರ್ಡು ತೆಗೆದುಕೊಡುವ ಮೇಜಿನ ಹಿಂದೆ ವಸಂತಾ ಬಂದು ಕೂತರು. ಹತ್ತು ವರ್ಷ ಅಲ್ಲಿಂದ ಏಳಲಿಲ್ಲ.

ಆ ಊರಿನಲ್ಲಿ ಇದ್ದದ್ದೇ ನಾಲ್ಕು ಮನೆತನ. ಜೇಮ್ಸ್ ಮೋವಟ್ ಎಂಬ ಹೆಸರಿನವರೇ ಹತ್ತೊಂಬತ್ತು ಜನ. ಮೊದಲ ವಾರವೇ ಒಬ್ಬ ಜೇಮ್ಸ್ ಮೋವಟ್‌ನ ಭೇದಿ ಔಷಧಿ, ಕೆಮ್ಮುತ್ತಿದ್ದ ಇನ್ನೊಬ್ಬ ಜೇಮ್ಸ್ ಮೋವಟ್‌ನ ಹೊಟ್ಟೆಗೆ ಹೋಯಿತು. ಕೆಮ್ಮಲು ಹೆದರಿಕೊಂಡು ಅವನು ಎರಡು ದಿನ ದೋಣಿ ಹತ್ತಲಿಲ್ಲ. ಆಗ ಊರಿನವರು ವಸಂತಾಗೆ ಟೀ-ನೇಮ್ ಎಂಬುದನ್ನು ಕಲಿಸಿದರು. ಚಹಾಕ್ಕೂ ಅದಕ್ಕೂ ಸಂಬಂಧವಿಲ್ಲ, ಅಡ್ಡಹೆಸರು, ಅಷ್ಟೇ. ಬಕೆಟ್ ಜೇಮ್ಸ್, ಬಿಳಿಹುಬ್ಬು ಜೇಮ್ಸ್, ಅತ್ತೆಮನೆ ಜೇಮ್ಸ್. ಉದ್ದನೆ ಸುಬ್ಬಣ್ಣ, ಪೋಸ್ಟಾಫೀಸ್ ಸುಬ್ಬಣ್ಣ ಎಂದು ಕರೆದು ಬೆಳೆದವರಿಗೆ ಇದೇನು ದೊಡ್ಡ ವಿದ್ಯೆ? ಯಾರಿಗೂ ಬೇಸರವಾಗಬಾರದೆಂದು ಆ ಹೆಸರುಗಳನ್ನು ಕಾರ್ಡಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದಿಟ್ಟರು. ಇಡೀ ಊರಿನ ಗುಟ್ಟು ಕನ್ನಡದಲ್ಲಿತ್ತು.

ಅವರ ಸ್ವಂತ ಟೀ-ನೇಮ್ ಬಂದದ್ದು ಒಂದು ತಪ್ಪಿನಿಂದ. ನಾವು ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತೇವೆ; ಕಳಿಸುವವರು ‘ಹೋಗಿ ಬನ್ನಿ’ ಅನ್ನುತ್ತಾರೆ. ವಸಂತಾ ಕ್ಲಿನಿಕ್ಕಿನಿಂದ ಹೊರಟವರಿಗೆಲ್ಲ ಅದನ್ನೇ ಪದಕ್ಕೆ ಪದ ಇಂಗ್ಲಿಷ್ ಮಾಡಿ, “ಗೋ ಅಂಡ್ ಕಮ್” ಅನ್ನುತ್ತಿದ್ದರು. ಮೊದಲು ಊರೆಲ್ಲ ನಕ್ಕಿತು. ಆದರೆ ಸಮುದ್ರಕ್ಕೆ ಹೊರಟವನಿಗೆ ‘ಗುಡ್‌ಬೈ’ ಹೇಳುವುದು ಆ ಊರಿನಲ್ಲೂ ಅಪಶಕುನ. ಬೇರೆ ಏನು ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಮೈಸೂರಿನವಳು ಹೇಳಿದಳು. ಆಮೇಲೆ ಸೋಮವಾರ ಬೆಳಗಾದರೆ ಮೈಯಲ್ಲಿ ಯಾವ ರೋಗವೂ ಇಲ್ಲದ ಗಂಡಸರು ಕ್ಲಿನಿಕ್ಕಿನ ಕಿಟಕಿಯ ಮುಂದೆ ನಿಂತು, ಆ ಮಾತು ಕೇಳಿಸಿಕೊಂಡು ದೋಣಿ ಹತ್ತುತ್ತಿದ್ದರು.

೧೯೭೪ರಲ್ಲಿ ದಂಪತಿ ಮೆಲ್ಬರ್ನಿಗೆ ಬಂದರು. ಇಲ್ಲಿಗೆ ವಲಸೆ ಬಂದಿದ್ದ ಪೋರ್ಟ್ ಲಾರಿಕ್‌ನವರು ತಮ್ಮದೊಂದು ಸಂಘ ಕಟ್ಟಿಕೊಂಡಿದ್ದರು. ೧೯೯೧ರಲ್ಲಿ ಅವರು ಊರಿನ ಚರಿತ್ರೆಯ ಪುಸ್ತಕ ತರುತ್ತೇವೆ, ಫೋಟೋಗಳ ಪ್ರದರ್ಶನಕ್ಕೆ ಬನ್ನಿ ಎಂದು ಪೇಪರಿನಲ್ಲಿ ಹಾಕಿಸಿದರು. ಆಂಟಿಗೆ ಕಾರ್ ಓಡಿಸಲು ಬರುವುದಿಲ್ಲ. ಎದುರು ಮನೆಯ ನಾನೇ ಕರೆದುಕೊಂಡು ಹೋದೆ. ಹೊರಡುವಾಗ ಶ್ರೀಪತಿ ಅಂಕಲ್, “ಅವರ ಊರು, ಅವರ ಬುಕ್ಕು. ನಿನಗ್ಯಾಕೇ?” ಅಂದರು. ಆಂಟಿ ಚಪ್ಪಲಿ ಮೆಟ್ಟಿಕೊಂಡರು.

ಸಂಘದ ಕಾರ್ಯದರ್ಶಿ ಗಾರ್ಡನ್, ನಲವತ್ತರ ಮನುಷ್ಯ. ಹುಟ್ಟಿದ್ದು ಮೆಲ್ಬರ್ನಿನಲ್ಲಿ, ಪೋರ್ಟ್ ಲಾರಿಕ್ ಕಂಡವನೇ ಅಲ್ಲ. ಆಂಟಿ ಫೋಟೋ ತೋರಿಸಿ, “ಇದು ನಾನು. ಹೆಸರು ವಸಂತಾ, ಬರ್ಕೊಳ್ಳಿ” ಅಂದರು.

ಗಾರ್ಡನ್ ನಯವಾಗಿಯೇ ಹೇಳಿದ: “ಆ ಊರಲ್ಲಿ ಹುಟ್ಟಿದವರು, ಅವರ ಮಕ್ಕಳು, ಇಷ್ಟೇ ಹೆಸರು ಹಾಕೋದು ಅಂತ ಕಮಿಟಿ ನಿರ್ಧಾರ, ಮೇಡಂ.”

ನನಗೆ ಮೈ ಉರಿಯಿತು. ಆಂಟಿಯ ಮಗಳು ಊರ್ಮಿಳಾ ಹುಟ್ಟಿದ್ದು ಪೋರ್ಟ್ ಲಾರಿಕ್‌ನಲ್ಲೇ. ಸಿಡ್ನಿಯಲ್ಲಿರುವ ಅವಳಿಗೆ ಆ ಊರಿನ ಒಂದು ಬೀದಿಯೂ ನೆನಪಿಲ್ಲ. ಅವಳ ಹೆಸರು ಹಾಕಬಹುದು, ಹೆತ್ತವಳದ್ದು ಹಾಕಬಾರದು!

ಆಂಟಿ ಕನ್ನಡಕ ಸರಿಮಾಡಿಕೊಂಡು ಹೆಸರುಗಳ ಸಾಲಿನ ಮೇಲೆ ಬೆರಳಾಡಿಸಿದರು. “ಇದರಲ್ಲಿ ಐದು ಜನ ಜೇಮ್ಸ್ ಮೋವಟ್ ಇದ್ದಾರೆ. ಐವರಿಗೂ ಹಾಕಿರೋ ಟೀ-ನೇಮ್ ತಪ್ಪು.”

ಗಾರ್ಡನ್‌ನ ಮುಖ ಅರಳಿತು. “ನಿಮಗೆ ಗೊತ್ತಾ? ಎರಡು ವರ್ಷದಿಂದ ಅದಕ್ಕೇ ಒದ್ದಾಡ್ತಿದೀವಿ. ಯಾರು ಯಾರು, ಹೇಳಿ.”

“ಗುರುತು ಸಿಗದ ಹೆಂಗಸಿಗೆ ಬೇರೆಯವರ ಗುರುತು ಹೇಗೆ ಸಿಗುತ್ತೆ?”

ಗಾರ್ಡನ್ ಒಳಗೆ ಹೋಗಿ ಕಮಿಟಿಯವರನ್ನು ಕೇಳಿ ಬಂದ. “ಡಾಕ್ಟರ ಹೆಂಡತಿ ಅಂತ ಹಾಕಬಹುದಂತೆ.”

“ಡಾಕ್ಟರು ಫೋಟೋದಲ್ಲಿ ಇಲ್ಲ. ನಾನಿದ್ದೀನಿ.”

ನನಗೆ ಸಂಕೋಚವಾಗಿ, “ಬನ್ನಿ ಆಂಟಿ, ಹೋಗೋಣ” ಅಂದೆ. “ಸುಮ್ನೆ ಕೂತ್ಕೊಳ್ಳೇ” ಅಂದರು. ತಾವೂ ಫೋಟೋದ ಕೆಳಗೇ ಒಂದು ಕುರ್ಚಿ ಎಳೆದು ಕೂತರು. ಬಂದವರೆಲ್ಲ ಮೊದಲು ಫೋಟೋದಲ್ಲಿ ಸೀರೆ ಉಟ್ಟವಳನ್ನು, ಆಮೇಲೆ ಕೆಳಗೆ ಸೀರೆ ಉಟ್ಟು ಕೂತವಳನ್ನು ನೋಡತೊಡಗಿದರು. ಮುಕ್ಕಾಲು ಗಂಟೆಯ ಹೊತ್ತಿಗೆ ಗಾರ್ಡನ್ ಬಂದು ಸಾಲಿನ ಕೊನೆಯನ್ನು ಹೊಡೆದುಹಾಕಿ, ಪೆನ್ನಿನಲ್ಲಿ ‘ವಸಂತಾ’ ಎಂದು ಬರೆದ. ಆಂಟಿ ಎದ್ದು ಐದೂ ಜೇಮ್ಸ್‌ಗಳನ್ನು ಟೀ-ನೇಮ್ ಸಮೇತ ಹೇಳಿದರು. ಅವನು ಬರೆದು ಮುಗಿಸಿದ.

“ಮುಗಿದಿಲ್ಲ,” ಅಂದರು ಆಂಟಿ. “ಎಲ್ಲರಿಗೂ ಟೀ-ನೇಮ್ ಹಾಕಿದ್ದೀರಿ. ನನ್ನದೆಲ್ಲಿ?”

ಗಾರ್ಡನ್ ನಕ್ಕುಬಿಟ್ಟ. “ಟೀ-ನೇಮ್ ನಾವೇ ಇಟ್ಕೊಳ್ಳೋ ಹಾಗಿಲ್ಲ ಮೇಡಂ. ಊರು ಕೊಡಬೇಕು.”

“ಕೊಟ್ಟಿದೆ. ಗೋ-ಅಂಡ್-ಕಮ್. ಬರೀರಿ.”

ಚಹಾದ ಮೇಜಿನ ಹತ್ತಿರ ಬೆನ್ನು ಮಾಡಿ ಕೂತಿದ್ದ ಮುದುಕಿಯೊಬ್ಬಳು ಆ ಮಾತಿಗೆ ತಿರುಗಿದಳು. ಬಕೆಟ್ ಜೇಮ್ಸ್‌ನ ಹೆಂಡತಿ ಈನಾ, ಎಂಬತ್ತು ದಾಟಿದವಳು. ಊರುಗೋಲು ಊರಿಕೊಂಡು ಬಂದು ಆಂಟಿಯ ಕೆನ್ನೆ ಹಿಡಿದು ನೋಡಿದಳು. “ನನ್ನ ಗಂಡ ಸೋಮವಾರ ತಪ್ಪದೆ ನಿನ್ನ ಕಿಟಕಿಗೆ ಬರ್ತಿದ್ದ,” ಅಂದಳು. “ಹೋದಷ್ಟು ಸಲವೂ ಬಂದ. ಸತ್ತದ್ದು ನನ್ನ ಹಾಸಿಗೆಯಲ್ಲಿ.” ಆಂಟಿ ಅಲ್ಲಿಯವರೆಗೂ ಅತ್ತಿರಲಿಲ್ಲ, ಆಗ ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಗಾರ್ಡನ್ ಆ ಟೀ-ನೇಮನ್ನೂ ಬರೆದುಕೊಂಡ. ನಾವು ಹೊರಟಾಗ ಮರ್ಯಾದೆಗೆಂದು ಬಾಗಿಲ ತನಕ ಬಂದು ಕೈ ಚಾಚಿದ. “ಗುಡ್‌ಬೈ, ಮೇಡಂ.”

ಈನಾಳ ಊರುಗೋಲಿನ ಏಟು ಅವನ ಕಾಲಿಗೆ ಬಿತ್ತು. “ನಮ್ಮ ಊರಲ್ಲಿ ಹಾಗನ್ನಲ್ಲ. ಈಗ ತಾನೇ ಬರೆದೆಯಲ್ಲ, ಓದು.”

ಅವನು ಕಿವಿಯವರೆಗೂ ಕೆಂಪಾಗಿ, “ಗೋ ಅಂಡ್ ಕಮ್” ಅಂದ.

“ಬರ್ತೀನಪ್ಪ,” ಅಂದರು ವಸಂತಾ ಆಂಟಿ, ಕನ್ನಡದಲ್ಲೇ.