ಗ್ರಾಂಟ್ ಡಾಕ್ಟ್ರಮ್ಮ

ಸೊಗಡು ಅವರೆಕಾಯಿಯ ವಾಸನೆಗೆ ನಾಚಿಕೆ ಅನ್ನುವುದೇ ಇಲ್ಲ. ಮೊನ್ನೆ ಅರಕಲಗೂಡು ಬಸ್ಸಿನಲ್ಲಿ ಬಂದ ಒಂದು ಚೀಲ, ನಮ್ಮ ಆಸ್ಪತ್ರೆಯ ಫಿನಾಯಿಲ್ ವಾಸನೆಯನ್ನು ಪಕ್ಕಕ್ಕೆ ತಳ್ಳಿ, ನನ್ನ ಕೋಣೆಗೆ ನನಗಿಂತ ಮೊದಲೇ ಬಂದು ಕೂತಿತ್ತು. ಚೀಲದ ಮೇಲೆ ದಪ್ಪಕ್ಷರದಲ್ಲಿ 'ಗ್ರಾಂಟ್ ಡಾಕ್ಟ್ರಮ್ಮ, ಹಾಸನ' ಅಂತ ಬರೆದಿತ್ತು. ಕಂಡಕ್ಟರಿಗೂ ನಮ್ಮ ವಾಚ್‌ಮನ್ನಿಗೂ ಅಷ್ಟು ವಿಳಾಸ ಸಾಕು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಗೆ ಮಾತ್ರ.

ಅದೇ ಹೊತ್ತಿಗೆ, ನಾನು ಪಾಠ ಮಾಡುವ ಎರಡನೇ ವರ್ಷದ ಎಂಬಿಬಿಎಸ್ ತರಗತಿಯ ಕಾವ್ಯ ಮುಖ ಊದಿಸಿಕೊಂಡು ನನ್ನೆದುರು ಕೂತಳು. ಚನ್ನರಾಯಪಟ್ಟಣದ ಹುಡುಗಿ. ಹೊಳೆನರಸೀಪುರದ ಸುತ್ತಿನ ಹಳ್ಳಿಗಳಲ್ಲಿ ಬಾಣಂತಿಯರ ಪಥ್ಯದ ಬಗ್ಗೆ ಸಂಶೋಧನೆ ಮಾಡುತ್ತೇನೆ, ಖರ್ಚಿಗೆ ಗ್ರಾಂಟ್ ಕೊಡಿ ಅಂತ ದಿಲ್ಲಿಗೆ ಅರ್ಜಿ ಹಾಕಿದ್ದಳು. ಕೊಡುವುದಿಲ್ಲ ಅಂತ ಬೆಳಿಗ್ಗೆ ಉತ್ತರ ಬಂದಿತ್ತು.

"ಬಿಟ್ಬಿಡ್ತೀನಿ ಮೇಡಂ, ಯಾಕೆ ಸುಮ್ನೆ," ಅಂದಳು.

ನಾನು ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಚೀಲ ಸುರಿದೆ. "ಬಿಡುವೆಯಂತೆ. ಮೊದಲು ಇದನ್ನ ಸುಲಿ." ಸುಲಿಯುತ್ತಾ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮ್ಮ ಮುಂದೆಯೂ ಎರಡು ಹಿಡಿ ಕಾಯಿ ಸುರಿದಿದ್ದೇನೆ ಅಂತಲೇ ತಿಳಿದುಕೊಳ್ಳಿ.

ನಾನೂ ಇದೇ ಹಾಸನದಲ್ಲಿ ಓದುವಾಗ ನನಗೆ ಗ್ರಾಂಟಿನ ಹುಚ್ಚು ಹಿಡಿಯಿತು. ವಿದ್ಯಾರ್ಥಿಗಳ ಸಣ್ಣ ಸಂಶೋಧನೆಗೆ ದಿಲ್ಲಿಯಿಂದ ಗ್ರಾಂಟ್ ಸಿಗುತ್ತದೆ ಅಂತ ಯಾರೋ ಹೇಳಿದ್ದರು. ಜ್ಞಾನದ ಹಸಿವೇನಲ್ಲ, ಸಾಲಿಗ್ರಾಮದಂತೆ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಒಂದು ಸರ್ಟಿಫಿಕೇಟಿನ ಆಸೆ. ಜೀನ್, ಪ್ರೋಟೀನ್ ಎಲ್ಲ ಸೇರಿಸಿ ಒಂದು ವಿಷಯ ಹೊಸೆದು ಗೈಡ್ ಸರ್ ಹತ್ತಿರ ಹೋದೆ. ಶೀರ್ಷಿಕೆ ಓದಿ ಮುಗಿಸುವಷ್ಟರಲ್ಲಿ ಅವರಿಗೆ ಏದುಸಿರು ಬಂತು.

"ಇದಕ್ಕೆ ಬೇಕಾದ ಮೆಷಿನ್ ನಾನೇ ಇನ್ನೂ ನೋಡಿಲ್ಲಮ್ಮ. ಮನೇಲಿ ಯಾವ ತರಕಾರಿ ಇದೆಯೋ ನೋಡ್ಕೊಂಡು ಸಾರು ಮಾಡು."

ನನ್ನ ಮನೆಯಲ್ಲಿದ್ದ ತರಕಾರಿ ಅಂದರೆ ತಾತ, ಅಂದರೆ ಅಮ್ಮನ ಅಪ್ಪ. ಅರಕಲಗೂಡಿನ ಆಚೆ ಅವರ ಹಳ್ಳಿ. ಬಿ.ಪಿ. ಮಾತ್ರೆ ಶುರು ಮಾಡಿ, ತಿಂಗಳು ತುಂಬುವ ಮೊದಲೇ ಬಿಟ್ಟವರು. ಊರಲ್ಲಿ ಅರ್ಧಕ್ಕರ್ಧ ಜನ ಅವರ ಹಾದಿಯಲ್ಲೇ ಇದ್ದರು. ಬಿಟ್ಟವರು ಯಾಕೆ ಬಿಟ್ಟರು ಅನ್ನುವುದೇ ನನ್ನ ಸಂಶೋಧನೆಯಾಯಿತು. ಅರ್ಜಿ ಗಟ್ಟಿಯಾಗಲು ಮೊದಲೊಂದು ಪುಟ್ಟ ಸರ್ವೆ ಮಾಡಿ ಸೇರಿಸು ಅಂದರು ಸರ್. ನಾನು ತಾತನಿಗೆ ಫೋನ್ ಮಾಡಿದೆ.

"ತಾತ, ಗ್ರಾಂಟ್‌ಗೆ ಅರ್ಜಿ ಹಾಕ್ತಿದ್ದೀನಿ."

"ನೀನೂ ಆಕ್ತಿದ್ದೀಯಾ! ಎಲ್ಲಿಂದ ಆಗ್ಬೇಕವ್ವ?"

"ದಿಲ್ಲಿಯಿಂದ."

"ದಿಲ್ಲಿಗಂಟ ಓಗದಾ ಫೈಲು? ನಂದು ಇಲ್ಲೇ ಕೊಳೀತಾ ಅದೆ ಕಣವ್ವ."

"ಅದಕ್ಕೆ ಮುಂಚೆ ನಿಮ್ಮೂರಲ್ಲಿ ಸರ್ವೆ ಆಗ್ಬೇಕು. ನಾನೇ ಬಂದು ಮಾಡ್ತೀನಿ."

ತಾತ ಪಕ್ಕದಲ್ಲಿದ್ದ ಯಾರಿಗೋ ಸುದ್ದಿ ಕೂಗಿ ಹೇಳಿದ್ದು ನನಗೂ ಕೇಳಿಸಿತು. "ನೀನೇ ಮಾಡ್ತೀಯಾ? ನಮ್ಮವ್ವ! ಬಾ ಮಗ, ಎಲ್ರಿಗೂ ಯೋಳಿರ್ತೀನಿ."

ತಾತನಿಗೆ ವೈದ್ಯಕೀಯ ಸಂಶೋಧನೆಯ ಮೇಲೆ ಇಷ್ಟು ಪ್ರೀತಿಯೇ ಅಂತ ನಾನು ಹಿಗ್ಗಿದೆ. ನಮ್ಮ ಕಡೆ ಗ್ರಾಂಟ್ ಅಂದರೆ ಒಂದೇ ಅರ್ಥ, ಸರ್ಕಾರಿ ಜಮೀನು ಮಂಜೂರಾಗುವುದು. ಊರ ಗುಡ್ಡದ ಬುಡದಲ್ಲಿ ಒಂದು ತುಂಡು ಸರ್ಕಾರಿ ನೆಲವನ್ನು ತಾತ ಹರೆಯದಿಂದ ಉಳುತ್ತಿದ್ದರು. ಅದು ತನ್ನ ಹೆಸರಿಗೆ ಗ್ರಾಂಟ್ ಆಗಲಿ ಅಂತ ಅರ್ಜಿ ಹಾಕಿ ಹಾಕಿ ಮುದುಕರಾಗಿದ್ದರು. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಎಂಬಿಬಿಎಸ್ ಸೇರಿದ ಮೇಲೆ ಗೊತ್ತಿದ್ದದ್ದು ಹೊತ್ತಿಗೆ ನೆನಪಾಗುವುದು ನನಗೆ ನಿಂತುಹೋಗಿತ್ತು.

ಭಾನುವಾರ ಹೋಗಿ ನೋಡುತ್ತೇನೆ, ಅರಳಿಕಟ್ಟೆ ತುಂಬ ಜನ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಿನೊಳಗೆ ಪಹಣಿ. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ಕೂತಿದ್ದರು. ಕಾಫಿ ಕೊಟ್ಟರು. ಇಷ್ಟು ಜನ ಮಾತ್ರೆ ಬಿಟ್ಟಿದ್ದಾರಲ್ಲ ಅಂತ ನಾನು ಒಳಗೊಳಗೇ ಲೆಕ್ಕ ಹಾಕಿದೆ.

"ಅಳೆಯೋ ಚೈನ್ ತಂದಿಲ್ವಾ, ಬರೀ ಪೆಟ್ಟಿಗೆ ತಂದಿದ್ದೀರಲ್ಲ ಮೇಡಮ್ಮೋರೆ?" ಅಂದ ಸಣ್ಣಪ್ಪ. ಅವನಿಗೂ ಪಕ್ಕದ ಹೊಲದ ಕರಿಯಪ್ಪನಿಗೂ ಬದುವಿನ ವಿಷಯಕ್ಕೆ ಮಾತುಕತೆ ನಿಂತು ವರ್ಷಗಳಾಗಿದ್ದವು.

"ಎಲ್ಲಾ ಇದರಲ್ಲೇ ಅಳೆಯೋದು," ಅಂದೆ. ಸಣ್ಣಪ್ಪನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದೆ. ಸರ್ವೆಗೆ ಬಂದ ಹೊಸ ಮೆಷಿನ್ ಇರಬೇಕು ಅಂತ ಜನ ಉಸಿರು ಬಿಗಿಹಿಡಿದು ನೋಡಿದರು. "ನೂರಾ ಎಂಬತ್ತು," ಅಂದೆ. ಆಮೇಲೆ ಕರಿಯಪ್ಪನಿಗೆ ಸುತ್ತಿ, "ನೂರಾ ಅರವತ್ತು," ಅಂದೆ.

ಕರಿಯಪ್ಪ ಎದ್ದು ನಿಂತ. "ಅದೆಂಗೆ ಮೇಡಮ್ಮೋರೆ ಇವ್ನಿಗೆ ಇಪ್ಪತ್ತು ಜಾಸ್ತಿ? ಯಾವ ಸರ್ವೆ ಬಂದ್ರೂ ಇದೇ ಕತೆ! ಇನ್ನೊಂದ್ ಸಲ ಅಳೀರಿ!"

ಅವನು ಸಿಟ್ಟಿನಲ್ಲಿರುವಾಗಲೇ ಅಳೆದರೆ ಅವನದೂ ನೂರಾ ಎಂಬತ್ತಾಯಿತು. "ಈಗ ಸಮ ಆಯ್ತು ನೋಡು," ಅಂತ ಅವನು ಸಮಾಧಾನದಿಂದ ಕೂತ.

ಆಗ ನನಗೆ ಜ್ಞಾನೋದಯವಾಯಿತು. ಇದು ಜಮೀನಿನ ಸರ್ವೆ ಅಲ್ಲ, ಈ ಗ್ರಾಂಟಿನಲ್ಲಿ ಯಾರಿಗೂ ನೆಲ ಸಿಗುವುದಿಲ್ಲ ಅಂತ ತೊದಲುತ್ತ ಹೇಳಿದೆ. ಜನ ಒಬ್ಬೊಬ್ಬರಾಗಿ ಎದ್ದರು. ತಾತ ತಮ್ಮ ಕವರನ್ನು ನಿಧಾನಕ್ಕೆ ಮಡಚಿ ಅಂಗಿಯೊಳಗೆ ಇಟ್ಟುಕೊಂಡರು. ನನಗೆ ಅಳು ಬಂತು. ಹೊರಟವರನ್ನು ತಾತನೇ ತಡೆದರು.

"ಕುಂತ್ಕಳ್ರೋ. ಮಗ ಅಷ್ಟು ದೂರದಿಂದ ಬಂದದೆ. ಏನಾರ ಒಂದು ಅಳೀಲಿ."

ಜನ ಕೂತರು. ಮಾತ್ರೆ ಯಾಕೆ ಬಿಟ್ಟಿರಿ ಅಂತ ಕೇಳಿದ್ದಕ್ಕೆ ಧಾರಾಳವಾಗಿ ಉತ್ತರ ಕೊಟ್ಟರು. "ಅಬ್ಬದ ದಿನ ಬ್ಯಾಡ ಅಂತ ಬುಟ್ಟೆ, ಅಬ್ಬ ಇನ್ನೂ ಮುಗ್ದಿಲ್ಲ," ಅಂದವರು ತಾತ.

ಎಲ್ಲ ಸೇರಿಸಿ ಅರ್ಜಿ ಕಳಿಸಿದೆ. ದಿಲ್ಲಿಯವರು ಇಲ್ಲ ಅಂದರು. ಕಾರಣ ಹೇಳುವ ಕಷ್ಟವನ್ನೂ ಪಡಲಿಲ್ಲ. ಹಾಸ್ಟೆಲ್ಲಿನಲ್ಲಿ ಮುಖ ತೋರಿಸಲಾರದೆ ಊರಿಗೆ ಓಡಿದೆ. ತಾತ ಗುಡ್ಡದ ಬುಡದಲ್ಲಿ ನೇಗಿಲು ಹೂಡಿದ್ದರು. ಎತ್ತು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ನಿಂದೂ ಆಗ್ನಿಲ್ವಾ?" ಅಂದರು. ದುಃಖಕ್ಕಿಂತ ಜೊತೆಗೊಬ್ಬಳು ಸಿಕ್ಕಳು ಅನ್ನುವ ನೆಮ್ಮದಿಯೇ ಆ ದನಿಯಲ್ಲಿ ಹೆಚ್ಚಿತ್ತು.

"ಬಿಟ್ಬಿಟ್ಟೆ ತಾತ."

"ಏನ ಬುಟ್ಟೆ? ಗ್ರಾಂಟ್ ಆಗ್ನಿಲ್ಲ ಅಂತ ನಾನು ಉಳೋದು ಬುಟ್ಟಿದ್ದೀನಾ? ಅರ್ಜಿ ಅವ್ರ ಕೈಲದೆ, ನೇಗ್ಲು ನಮ್ ಕೈಲದೆ. ಬತ್ತಾ ಇರು ಭಾನ್ವಾರ, ಜನ ನಾನ್ ಸೇರಿಸ್ತೀನಿ."

ಹೋದೆ, ಭಾನುವಾರದ ಮೇಲೆ ಭಾನುವಾರ. ಕೆಲಸ ಮುಗಿಯಿತು. ಅದನ್ನು ಒಂದು ಸಮ್ಮೇಳನದಲ್ಲಿ ಓದಿದೆ, ಊಟದ ಹೊತ್ತಾದ್ದರಿಂದ ಕೇಳಿದವರು ಗೈಡ್ ಸರ್ ಮತ್ತು ಮೈಕಿನವನು. ಆದರೆ ತಾತ ಮಾತ್ರೆ ಮತ್ತೆ ಶುರು ಮಾಡಿದರು. ಇವತ್ತಿಗೂ ಬಿಟ್ಟಿಲ್ಲ. ಉಳುವುದನ್ನು ಈಗ ಮಾವ ನೋಡಿಕೊಳ್ಳುತ್ತಾನೆ. ಗ್ರಾಂಟ್ ಸಿಗದ ನನಗೆ ಊರು ಗ್ರಾಂಟ್ ಡಾಕ್ಟ್ರಮ್ಮ ಅಂತಲೇ ಹೆಸರಿಟ್ಟಿತು.

ಕಾವ್ಯ ಸುಲಿಯುತ್ತಲೇ ಇದ್ದಳು. ಬೆರಳೆಲ್ಲ ಸೊಗಡಿನಿಂದ ಅಂಟಂಟಾಗಿತ್ತು.

"ತಾತನ ಜಮೀನು ಆಮೇಲೆ ಗ್ರಾಂಟ್ ಆಯ್ತಾ ಮೇಡಂ?"

"ಇಲ್ಲ."

"ಮತ್ತೆ ಈ ಅವರೆಕಾಯಿ?"

"ಅಲ್ಲೀದೇ."

ಅವಳು ಕೈಯನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿದಳು. ಇನ್ನೊಂದು ಹಿಡಿ ಕಾಯಿ ತನ್ನ ಕಡೆಗೆ ಎಳೆದುಕೊಂಡಳು.

"ಮೇಡಂ, ಭಾನುವಾರ ಹೊಳೆನರಸೀಪುರಕ್ಕೆ ಮೊದಲನೇ ಬಸ್ಸು ಎಷ್ಟೊತ್ತಿಗೆ?"