ಹೇಮಾವತಿಯ ಹದಿನಾಲ್ಕನೆಯ ದಿನ

ಕುರೆಕುಪ್ಪದ ಆಶಾ ಕಾರ್ಯಕರ್ತೆ ಹೇಮಾವತಿಯ ಸೇನಾಬಲ ಇಷ್ಟೇ: ಒಂದು ಕೈಚೀಲ, ಬೆರಳು ಚುಚ್ಚುವ ಸೂಜಿ, ಮೂರು ಓಣಿಗೆ ಕೇಳಿಸುವ ಗಂಟಲು. ಎದುರಾಳಿ ಮಲೇರಿಯಾದ ರೋಗಾಣು. ಕಣ್ಣಿಗೆ ಕಾಣದಿದ್ದರೂ ದಂಡಯಾತ್ರೆಯಲ್ಲಿ ಪಳಗಿದ್ದು. ಹೆಣ್ಣು ಸೊಳ್ಳೆಯ ಜೊಲ್ಲಿನೊಡನೆ ನೆತ್ತರಿಗಿಳಿದು ಅರ್ಧ ಗಂಟೆಯಲ್ಲಿ ಲಿವರ್ ಸೇರುತ್ತದೆ. ಅಲ್ಲಿ ಒಂದು ಸಾವಿರಾರಾಗಿ ಹೊರನುಗ್ಗಿ, ಕೆಂಪು ರಕ್ತಕಣಗಳನ್ನು ಹೊಕ್ಕು ಒಡೆಯುತ್ತದೆ. ಒಡೆದಾಗಲೆಲ್ಲ ಚಳಿಜ್ವರ. ಕೆಲವು ಮಾತ್ರ ಗಂಡು-ಹೆಣ್ಣಾಗಿ ಇನ್ನೊಂದು ಸೊಳ್ಳೆಯ ದಾರಿ ಕಾಯುತ್ತವೆ. ಅವುಗಳ ಮದುವೆ ನಡೆಯುವುದು ಆ ಸೊಳ್ಳೆಯ ಹೊಟ್ಟೆಯಲ್ಲೇ.

ಕಳೆದ ವರ್ಷ ಕಾರ್ಖಾನೆಯ ಗುತ್ತಿಗೆ ಕೂಲಿ ತಿಪ್ಪೇಶನಿಗೆ ಎರಡನೆಯ ಸಲ ಜ್ವರ ಬಂತು. ಇನ್ನೊಮ್ಮೆ ಮಲಗಿದರೆ ಕೆಲಸವಿಲ್ಲ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ತಿಪ್ಪೇಶ ಹಲ್ಲು ಕಟಕಟಿಸುತ್ತಲೇ ಪಕ್ಕದ ಮನೆಯ ಮೂಕಣ್ಣನ ಮೇಲೆ ಯುದ್ಧ ಸಾರಿದ.

"ಅವನ ನೀರಿನ ಡ್ರಮ್ಮಿನ ಸೊಳ್ಳಿನ ರೀ ಹೇಮಕ್ಕ!"

"ಡ್ರಮ್ ಆಮ್ಯಾಲ ಮುಚ್ಚಸ್ತೀನಿ. ಹೋದ ಸಲ ಕೊಟ್ಟ ಹದಿನಾಕು ದಿನದ ಗುಳಿಗಿ ನುಂಗಿದೇನು?"

ತಿಪ್ಪೇಶ ದೇವರ ಫೋಟೋದ ಹಿಂದಿನಿಂದ ಹನ್ನೊಂದು ದಿನದ ಗುಳಿಗೆ ತೆಗೆದ. "ಮೂರು ದಿನಕ್ಕ ಜ್ವರ ಬಿಡ್ತು. ಮುಂದಿನ ಜ್ವರಕ್ಕ ಇರ್ಲಿ ಅಂತ ಇಟ್ಟಿದ್ನಿ."

"ಇಟ್ಟಿದ್ದಕ್ಕ ಅದು ಬಂದೈತಿ! ಈ ಜಾತಿ ರೋಗಾಣು ಲಿವರ್‌ನಾಗ ತಿಂಗಳಗಟ್ಲೆ ಮಲಗಿರ್ತಾವ. ಅವನ್ನ ಕೊಲ್ಲೋ ಗುಳಿಗಿ ಇದು."

"ನನ್ನ ಹೊಟ್ಟ್ಯಾಗ, ಬಾಡಿಗಿ ಇಲ್ದಂಗ?"

"ಹೂಂ. ಊಟಾನೂ ನಿಂದ."

ಹೇಮಾವತಿ ಬೆರಳು ಚುಚ್ಚಿ ತೆಗೆದ ರಕ್ತ ನೋಡಿ ಡಾಕ್ಟರು ಹೊಸದಾಗಿ ಹದಿನಾಲ್ಕು ದಿನದ ಗುಳಿಗೆ ಬರೆದುಕೊಟ್ಟರು. ಜ್ವರ ಇಳಿದು ತಿಪ್ಪೇಶ ಕೆಲಸಕ್ಕೆ ಹೊರಟ ಮೇಲೂ ಹೇಮಾವತಿ ಬಿಡಲಿಲ್ಲ. ಬೆಳಿಗ್ಗೆ ಆರಕ್ಕೆ ಕಾರ್ಖಾನೆಯ ಬಸ್ ನಿಲ್ಲುವಲ್ಲಿ ಹಾಜರ್. ಇಡ್ಲಿ ತಿನ್ನಿಸಿ, ಗುಳಿಗೆ ನುಂಗಿಸಿ, ನಾಲಿಗೆ ಎತ್ತಿಸಿ ನೋಡುವಳು.

"ಬಾಯಿ ತೆಗಿಯಲೇ ತಿಪ್ಪ, ಪೊಲೀಸ್ನೋರು ಬಂದ್ರು!" ಎಂದು ಜೊತೆಗಾರರು ಕೂಗುವರು.

ಹದಿನಾಲ್ಕನೆಯ ದಿನ ವಾರದ ರಜೆ. ನಮ್ಮ ವೀರ ತಿಪ್ಪೇಶ ಎಮ್ಮಿಗನೂರಿನ ಮಾವನ ಮನೆಗೆ ಪರಾರಿಯಾಗಿದ್ದ. ಹೇಮಾವತಿ ಬಸ್ಸು ಬದಲಿಸಿ ಅಲ್ಲಿಗೂ ಹೋದಳು.

"ಯಾರವ್ವ ನೀನು?" ಎಂದಳು ಅತ್ತೆ ರೇಣುಕಮ್ಮ.

"ನಿಮ್ಮ ಅಳಿಯನ ಗುಳಿಗಿ ತಂದೀನ್ರಿ. ಬರೀ ಹೊಟ್ಟ್ಯಾಗ ಬ್ಯಾಡ, ಮೊದ್ಲು ಊಟಕ್ಕ ನೀಡ್ರಿ."

"ನಾಳಿ ನುಂಗ್ತೀನಿ ಬಿಡಕ್ಕ," ಎಂದ ತಿಪ್ಪೇಶ, ರೊಟ್ಟಿ ಮುರಿಯುತ್ತ.

"ಮತ್ತ ಜ್ವರ ಬಂದು ಕೂಲಿ ಹೋದ್ರ ನನ್ನ ಮಗಳಿಗೆ ಏನ್ ಹಾಕ್ತಿ? ನುಂಗಲೇ!" ಎಂದಳು ರೇಣುಕಮ್ಮ. ಅಳಿಯನಿಗೆ ಅವಳು 'ಲೇ' ಅಂದದ್ದು ಅದೇ ಮೊದಲು. ಗುಳಿಗೆ ತಾನಾಗಿಯೇ ಇಳಿಯಿತು.

ಆಮೇಲೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದವು. ಜ್ವರವೆಂದು ತಿಪ್ಪೇಶ ಒಂದು ಪಾಳಿಯನ್ನೂ ತಪ್ಪಿಸಿಲ್ಲ. ರೋಗಾಣು ಹೋಗಿದೆಯೆಂದು ಹೇಮಾವತಿ ಮಾತ್ರ ಇನ್ನೂ ನಂಬಿಲ್ಲ; ಆಕೆಯನ್ನು ಕಂಡರೆ ಸಾಕು, ಅವನು ತಾನಾಗಿಯೇ ಸೂಜಿಗೆ ಬೆರಳು ಚಾಚುತ್ತಾನೆ.